ಜ್ವರ ಬಿಟ್ಟ ಮೇಲೂ ಮಗುವನ್ನು ನೋಡುತ್ತಿರಿ

(ಶಂಕರಪುರದಲ್ಲಿ ಜರಗಿದ ಸಂಘದ ವಾರ್ಷಿಕ ಸಮಾವೇಶದಲ್ಲಿ ಮಕ್ಕಳ ವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಶಿಕ್ಷಣ ಸಂಘದ ಸಭೆಗೆ ಜ್ವರದ ಬಗ್ಗೆ ಮಾತನಾಡಲು ಒಬ್ಬ ಮಕ್ಕಳ ಡಾಕ್ಟರನ್ನು ಯಾಕೆ ಕರೆದರು ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ನಾನೂ ಯೋಚಿಸಿದ್ದೆ. ಕಾರ್ಯದರ್ಶಿಯವರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮಳೆಗಾಲದಲ್ಲಿ ನಮ್ಮ ಮಕ್ಕಳ ರಜೆ ಚೀಟಿಗಳನ್ನು ಒಮ್ಮೆ ನೋಡಿ ಡಾಕ್ಟ್ರೇ, ಎಲ್ಲದರಲ್ಲೂ ಒಂದೇ ಶಬ್ದ, ಜ್ವರ." ಮಾತು ನಿಜ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಜ್ವರ ಬಾರದ ಮಗುವಿರುವ ಮನೆ ಸಿಗುವುದು ಕಷ್ಟ. ಅವುಗಳಲ್ಲಿ ಬಹುಪಾಲು ಜ್ವರಗಳು ವೈರಸ್‌ನಿಂದ ಬಂದವು. ಮೂರು ನಾಲ್ಕು ದಿನ ಕಾಡಿ ತಾವಾಗಿಯೇ ಹೋಗುತ್ತವೆ. ಆ ಜ್ವರಗಳಿಗೆ ನನ್ನ ಅಗತ್ಯವೂ ಇಲ್ಲ, ನನ್ನ ಭಾಷಣದ ಅಗತ್ಯವೂ ಇಲ್ಲ. ಆದರೆ ಅದೇ ಸಾಲಿನಲ್ಲಿ, ಅದೇ ಬೆಂಚಿನ ಮೇಲೆ, ಅದೇ ತೆರನಾದ ಬಿಸಿ ಮೈಯ ಒಂದು ಮಗು ಕುಳಿತಿರುತ್ತದೆ. ಅದಕ್ಕೆ ಬಂದಿರುವುದು ಬೇರೆ. ಅದನ್ನು ಗುರುತಿಸುವುದು ಹೇಗೆ ಎಂಬುದಷ್ಟೇ ಇವತ್ತಿನ ವಿಷಯ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದಿನ ಮಾತು. ಮಲ್ಲಿಗೆ ಬೆಳೆಯುವ ಮನೆಯೊಂದರಿಂದ ಏಳು ವರ್ಷದ ಹುಡುಗಿಯನ್ನು ಅವಳ ತಾಯಿ ಮತ್ತು ಅಜ್ಜಿ ನನ್ನ ಬಳಿಗೆ ಕರೆತಂದರು. ನಾಲ್ಕು ದಿನ ಜೋರು ಜ್ವರ ಇತ್ತು, ಐದನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತ್ತು. ಥರ್ಮಾಮೀಟರ್ ಇಟ್ಟೆ, 98 ಡಿಗ್ರಿ. ನನಗೂ ಸಂತೋಷ, ತಾಯಿಗೂ ಸಂತೋಷ. "ಜ್ವರ ಹೋಗಿದೆ, ಸೋಮವಾರ ಶಾಲೆಗೆ ಕಳುಹಿಸಿ" ಎಂದೆ. ಎದ್ದು ಹೋಗುವಾಗ ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದರು: "ಡಾಕ್ಟ್ರೇ, ಮಗುವಿನ ಕೈಕಾಲು ಸ್ವಲ್ಪ ತಣ್ಣಗೆ ಇದೆ ಅಲ್ವಾ?" ಹೊರಗೆ ಮಳೆ ಸುರಿಯುತ್ತಿತ್ತು. ಮಳೆಯಲ್ಲಿ ಬಂದಿದ್ದಾರೆ, ಅದಕ್ಕೆ ತಣ್ಣಗಿದೆ ಎಂದುಕೊಂಡು ನಾನು ಮುಂದಿನ ಚೀಟಿಯನ್ನು ಕರೆದೆ.

ಆ ರಾತ್ರಿ ಹುಡುಗಿಗೆ ಹೊಟ್ಟೆನೋವು ಶುರುವಾಯಿತು, ಮೇಲಿಂದ ಮೇಲೆ ವಾಂತಿಯಾಯಿತು, ಬೆಳಗಿನ ಜಾವ ಅವಳಿಗೆ ಎದ್ದು ಕೂರಲು ಆಗಲಿಲ್ಲ. ಡೆಂಗ್ಯೂ. ಆರು ದಿನ ತೀವ್ರ ನಿಗಾ ಘಟಕದಲ್ಲಿದ್ದು ಬದುಕಿದಳು. ಅಜ್ಜಿ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಓದಿದ ನಾನು ಥರ್ಮಾಮೀಟರನ್ನು ನೋಡಿದೆ, ಶಾಲೆಯ ಮೆಟ್ಟಿಲು ಹತ್ತದ ಅವರು ಮಗುವನ್ನು ನೋಡಿದ್ದರು.

ಅದಕ್ಕಾಗಿ ನಾನು ನಿಮಗೆ ಹೇಳುವ ಮೊದಲ ಸಂಗತಿ: ಜ್ವರದ ಸಂಖ್ಯೆಯೊಂದೇ ಕಾಯಿಲೆಯ ಗಾತ್ರವನ್ನು ಹೇಳುವುದಿಲ್ಲ. 103 ಡಿಗ್ರಿ ಜ್ವರದಲ್ಲಿಯೂ ಔಷಧಿ ಕುಡಿದು ಅರ್ಧ ಗಂಟೆಯಲ್ಲಿ ತಮ್ಮನ ಆಟಿಕೆ ಕಿತ್ತುಕೊಳ್ಳುವ ಮಕ್ಕಳಿದ್ದಾರೆ. 100 ಡಿಗ್ರಿಯಲ್ಲಿಯೇ ಕಣ್ಣು ತೆರೆಯಲಾರದೆ ಮಲಗಿರುವ ಮಕ್ಕಳೂ ಇದ್ದಾರೆ. ನನಗೆ ಭಯ ಎರಡನೆಯ ಮಗುವಿನ ಬಗ್ಗೆ. ಇನ್ನೊಂದು ತಪ್ಪು ನಂಬಿಕೆಯೂ ಇದೆ: ಪ್ಯಾರಾಸಿಟಮಾಲ್ ಕೊಟ್ಟ ಕೂಡಲೇ ಜ್ವರ ಇಳಿಯಿತು, ಹಾಗಾದರೆ ಕಾಯಿಲೆ ಸಣ್ಣದು ಎಂದು. ಹಾಗಲ್ಲ. ಮೆದುಳಿನ ಪೊರೆಯ ಸೋಂಕಿನ ಜ್ವರವೂ ಆ ಔಷಧಿಗೆ ಇಳಿಯುತ್ತದೆ. ಜ್ವರ ಇಳಿದ ಮೇಲೆ ಮಗು ಹೇಗಿದೆ, ಮುಖ ನೋಡುತ್ತದೆಯೇ, ನೀರು ಕೇಳುತ್ತದೆಯೇ, ಎತ್ತಿಕೊಂಡರೆ ಸಮಾಧಾನವಾಗುತ್ತದೆಯೇ ಎಂದು ನೋಡಬೇಕು. ಮೈ ತಣ್ಣಗಾಗಿಯೂ ಮಗು ಬಾಡಿದ ಬಸಳೆ ಬಳ್ಳಿಯಂತೆ ಹೆಗಲ ಮೇಲೆ ಬಿದ್ದಿದ್ದರೆ ಕಾಯಬೇಡಿ.

ಈಗ ಚಿಕ್ಕ ಶಿಶುಗಳ ವಿಷಯ. ಇಲ್ಲಿ ಮಾತ್ರ ಸಂಖ್ಯೆಗೆ ಬೆಲೆಯಿದೆ. ಮೂರು ತಿಂಗಳು ತುಂಬದ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರವಿದ್ದರೆ ಅದು ಆಸ್ಪತ್ರೆಗೆ ಹೋಗಬೇಕಾದ ಜ್ವರ. ನಾಳೆ ಬೆಳಿಗ್ಗೆ ಅಲ್ಲ, ಈಗಲೇ. ಮನೆಯಲ್ಲಿ ಡ್ರಾಪ್ಸ್ ಹಾಕಿ ನೋಡೋಣ ಎನ್ನಬೇಡಿ. ಆ ವಯಸ್ಸಿನ ಕೂಸಿನಲ್ಲಿ ಸೋಂಕು ರಕ್ತಕ್ಕೆ, ಅಲ್ಲಿಂದ ಮೆದುಳಿಗೆ ಹೋಗಲು ಹೆಚ್ಚು ಹೊತ್ತು ಬೇಡ. ಹೊರಗೆ ಕಾಣುವ ಲಕ್ಷಣವೋ ತೀರಾ ಕಡಿಮೆ. ಕೆಲವೊಮ್ಮೆ ಜ್ವರವೂ ಇರುವುದಿಲ್ಲ, ಬದಲಿಗೆ ಮೈ ತಣ್ಣಗಾಗುತ್ತದೆ. 35.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದ, ಸುತ್ತಿ ಅಪ್ಪಿಕೊಂಡರೂ ಬೆಚ್ಚಗಾಗದ ಹಸುಗೂಸು, ಜ್ವರ ಬಂದ ಕೂಸಿನಷ್ಟೇ ಅಪಾಯದಲ್ಲಿದೆ. ನಿನ್ನೆಯವರೆಗೆ ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಇವತ್ತು ಮೊಲೆ ಬಾಯಿಗಿಟ್ಟರೆ ಚೀಪುವುದಿಲ್ಲ ಎಂದಾದರೆ ಅದೊಂದೇ ಸಾಕು, ಹೊರಡಿ.

ಇಲ್ಲಿ ಇನ್ನೊಂದು ಮನೆಯ ವಿಷಯ ಹೇಳಬೇಕು. ಹೇಳಲು ಕಷ್ಟ, ಆದರೆ ಈ ಸಭೆಯಲ್ಲಿ ಹೇಳದಿದ್ದರೆ ಇನ್ನೆಲ್ಲಿ ಹೇಳಲಿ? ನಲವತ್ತು ದಿನದ ಗಂಡು ಕೂಸು. ಮಧ್ಯಾಹ್ನದಿಂದ ಹಾಲು ಕುಡಿಯುತ್ತಿಲ್ಲ, ರಾತ್ರಿ ಹತ್ತಕ್ಕೆ ಮೈ ಸುಡುತ್ತಿದೆ. ತಾಯಿಗೆ ಇಪ್ಪತ್ತೆರಡು ವರ್ಷ. ಗಂಡ ಗಲ್ಫಿನಲ್ಲಿ, ರಾತ್ರಿ ಪಾಳಿ, ಫೋನ್ ಲಾಕರಿನಲ್ಲಿ. ಮನೆಯಲ್ಲಿ ಅತ್ತೆ, ಮಾವ. "ಅವನಿಗೆ ಒಂದು ಮಾತು ಹೇಳದೆ ಹೇಗೆ ಹೋಗುವುದು, ರಾತ್ರಿ ಹೊತ್ತು ಯಾರ ಗಾಡಿ, ಆಸ್ಪತ್ರೆಯಲ್ಲಿ ಎಷ್ಟು ಕೇಳುತ್ತಾರೋ" ಎಂದು ಮಾತು ಬೆಳೆಯಿತು. ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಮಗುವಿನ ಮೇಲೆ ಪ್ರೀತಿ ಇತ್ತು. ಆದರೆ ಹೊರಡುವುದು ಬೆಳಗಿನ ಎಂಟು ಗಂಟೆಯಾಯಿತು. ಹತ್ತು ಗಂಟೆಗಳು. ಮೆದುಳಿನ ಪೊರೆಗೆ ಸೋಂಕು ತಗಲಿತ್ತು. ಕೂಸು ಬದುಕಿತು, ಆದರೆ ಎರಡೂ ಕಿವಿ ಹೋಯಿತು. ಆ ತಾಯಿ ಈಗಲೂ ಮಗನನ್ನು ಮಾತಿನ ತರಬೇತಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾಳೆ. ಒಮ್ಮೆ ನನ್ನನ್ನು ಕಂಡು ಕೇಳಿದಳು, "ಆ ರಾತ್ರಿಯೇ ಬಂದಿದ್ದರೆ ಕೇಳಿಸುತ್ತಿತ್ತಾ ಡಾಕ್ಟ್ರೇ?" ಖಂಡಿತವಾಗಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಆದರೆ ಈ ಕಾಯಿಲೆಯಲ್ಲಿ ಔಷಧಿ ಬೇಗ ಸಿಕ್ಕಷ್ಟೂ ಒಳ್ಳೆಯದು ಎಂಬುದು ನನಗೆ ಗೊತ್ತು, ಅವಳಿಗೂ ಗೊತ್ತು.

ಆದುದರಿಂದ ಪರವೂರಿನಲ್ಲಿ ದುಡಿಯುತ್ತಿರುವ ಸಹೋದರರಿಗೆ, ಅವರ ಮನೆಯವರಿಗೆ ನನ್ನ ವಿನಂತಿ: ಮಗು ಹುಟ್ಟಿದಾಗಲೇ ಒಂದು ಮಾತು ಇತ್ಯರ್ಥ ಮಾಡಿಟ್ಟುಕೊಳ್ಳಿ. ಮಗುವಿಗೆ ಹುಷಾರಿಲ್ಲ ಎಂದು ತಾಯಿಗೆ ಅನಿಸಿದರೆ ಅವಳು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಹೊರಟ ಮೇಲೆ ಫೋನ್ ಮಾಡಿದರಾಯಿತು. ಸ್ವಲ್ಪ ಹಣ ಆ ಕೆಲಸಕ್ಕೆಂದೇ ಅವಳ ಕೈಯಲ್ಲಿರಲಿ. ಪಕ್ಕದ ಮನೆಯ ರಿಕ್ಷಾದವರ ನಂಬರ್ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ. ಯಾರೂ ಸಿಗದಿದ್ದರೆ 108 ಇದೆ. 2008ರ ನವೆಂಬರ್‌ನಿಂದ ನಮ್ಮ ರಾಜ್ಯದಲ್ಲಿ ಆ ಆಂಬುಲೆನ್ಸ್ ಓಡುತ್ತಿದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ.

ತಾಯಿಗೆ ಅನಿಸಿದರೆ ಎಂದೆ. ಅದನ್ನು ಹಗುರವಾಗಿ ಹೇಳಿದ್ದಲ್ಲ. "ಇವನಿಗೆ ಜ್ವರ ಬರುವುದು ಹೊಸತಲ್ಲ, ಆದರೆ ಈ ಸಲ ಏನೋ ಬೇರೆ ಥರ ಇದೆ" ಎಂದು ಮಗುವನ್ನು ದಿನವೂ ನೋಡುವವರು ಹೇಳಿದರೆ, ಆ ಮಾತನ್ನೇ ಒಂದು ಅಪಾಯದ ಲಕ್ಷಣವೆಂದು ವೈದ್ಯರು ಪರಿಗಣಿಸಬೇಕೆಂದು ಇಂದಿನ ವೈದ್ಯಶಾಸ್ತ್ರವೇ ಹೇಳುತ್ತದೆ. ನಿಮ್ಮ ಡಾಕ್ಟರು ಗಡಿಬಿಡಿಯಲ್ಲಿದ್ದರೆ ಇನ್ನೊಮ್ಮೆ ಹೇಳಿ. ನನ್ನಂಥವರು ಮುಂದಿನ ಚೀಟಿ ಕರೆದರೂ ಎದ್ದು ಹೋಗಬೇಡಿ.

ಇನ್ನು ನೋಡಬೇಕಾದ್ದು ಏನೇನು? ನಮ್ಮ ಆಶಾ ಕಾರ್ಯಕರ್ತೆಯರಿಗೆ, ಆರೋಗ್ಯ ಸಹಾಯಕಿಯರಿಗೆ ಕಲಿಸುವ ನಾಲ್ಕು ಪ್ರಶ್ನೆಗಳಿವೆ, ಅವನ್ನು ಮೀರಿಸಿದ್ದು ನನಗೆ ಎಲ್ಲೂ ಸಿಕ್ಕಿಲ್ಲ. ಮಗು ಕುಡಿಯುತ್ತದೆಯೇ, ಎದೆಹಾಲು ಚೀಪುತ್ತದೆಯೇ? ಕುಡಿದದ್ದೆಲ್ಲ ಪೂರ್ತಿ ವಾಂತಿಯಾಗುತ್ತಿದೆಯೇ? ಈ ಕಾಯಿಲೆಯಲ್ಲಿ ಫಿಟ್ಸ್ ಬಂದಿದೆಯೇ? ಮಗು ಮಂಪರಿನಲ್ಲಿದೆಯೇ, ಎಬ್ಬಿಸಿದರೆ ಏಳುತ್ತಿಲ್ಲವೇ? ಐದು ವರ್ಷದೊಳಗಿನ ಯಾವುದೇ ಮಗುವಿನಲ್ಲಿ ಈ ನಾಲ್ಕರಲ್ಲಿ ಒಂದೇ ಒಂದು ಇದ್ದರೂ ಅದು ತುರ್ತು. ಕಾಯಿಲೆಯ ಹೆಸರು ಗೊತ್ತಿರಬೇಕೆಂದಿಲ್ಲ.

ಐದನೆಯದಾಗಿ ಉಸಿರು. ಇದನ್ನು ನಾನು ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ಗಡಿಯಾರ ನೋಡಿ ಎಣಿಸುವ ತಾಳ್ಮೆ ನಿಮಗಿದೆ. ತಮ್ಮನೋ ತಂಗಿಯೋ ಜ್ವರದಲ್ಲಿ ಮಲಗಿದ್ದಾಗ, ಅಳದೆ ಸುಮ್ಮನಿರುವ ಹೊತ್ತು ನೋಡಿ, ಅಂಗಿ ಮೇಲೆತ್ತಿ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ನ್ಯುಮೋನಿಯಾದ ಮೊದಲ ಗುರುತು ಇದೇ. ಎಕ್ಸ್‌ರೇಗಿಂತ ಮೊದಲು, ಕೆಮ್ಮು ಜೋರಾಗುವ ಮೊದಲು ಇದು ಕಾಣುತ್ತದೆ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಗುಳಿ ಬೀಳುತ್ತಿದ್ದರೆ, ಉಸಿರು ಬಿಡುವಾಗ ನರಳಿದಂತೆ ಸದ್ದು ಬರುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ಎಣಿಸುತ್ತ ಕೂರಬೇಡಿ.

ಆಮೇಲೆ ಚರ್ಮ. ಜ್ವರದ ಜೊತೆಗೆ ಕೆಂಪು ಅಥವಾ ನೇರಳೆ ಚುಕ್ಕೆಗಳು ಎದ್ದಿದ್ದರೆ ಒಂದು ಗಾಜಿನ ಲೋಟವನ್ನು ಅದರ ಮೇಲೆ ಒತ್ತಿ, ಗಾಜಿನ ಮೂಲಕ ನೋಡಿ. ಒತ್ತಿದಾಗ ಮಾಯವಾಗುವ ಚುಕ್ಕೆಗಳು ಹೆಚ್ಚಾಗಿ ಸಾಧಾರಣ ವೈರಲ್ ಜ್ವರದ್ದು. ಒತ್ತಿದರೂ ಹೋಗದ ಚುಕ್ಕೆ ಚರ್ಮದೊಳಗೆ ರಕ್ತ ಒಸರಿದ್ದರ ಗುರುತು. ರಕ್ತದ ಸೋಂಕಿನಲ್ಲಿ, ಡೆಂಗ್ಯೂವಿನಲ್ಲಿ ಅದು ಬರುತ್ತದೆ. ಮೈಬಣ್ಣ ಕಪ್ಪಗಿರುವ ಮಕ್ಕಳಲ್ಲಿ ಇದು ಸುಲಭವಾಗಿ ಕಾಣುವುದಿಲ್ಲ. ಅಂಗೈ, ಅಂಗಾಲು, ಕೆಳರೆಪ್ಪೆಯ ಒಳಭಾಗ, ಬಾಯಿಯ ಅಂಗಳ ನೋಡಬೇಕು. ಲೋಟದ ಪರೀಕ್ಷೆ ಇಂಗ್ಲೆಂಡಿನಲ್ಲಿ ಮನೆಮಾತು, ಆದರೆ ಅದು ಬಿಳಿ ಚರ್ಮದವರ ನಡುವೆ ಹುಟ್ಟಿದ ಉಪಾಯ ಎಂಬುದನ್ನು ನಾವು ಮರೆಯಬಾರದು. ಬೆರಳ ತುದಿಯನ್ನು ಐದು ಸೆಕೆಂಡು ಒತ್ತಿ ಬಿಟ್ಟು ನೋಡುವುದು ಇನ್ನೊಂದು ಉಪಾಯ. ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ರಕ್ತ ವಾಪಸ್ ಬರಬೇಕು. ಮೂರು ಸೆಕೆಂಡು ಅಥವಾ ಹೆಚ್ಚು ಹಿಡಿದರೆ, ಕೈಕಾಲು ತಣ್ಣಗಿದ್ದರೆ, ರಕ್ತದ ಓಟ ಕುಂದಿದೆ ಎಂದರ್ಥ. ಆ ಅಜ್ಜಿ ಬರಿಗೈಯಲ್ಲಿ ಕಂಡುಹಿಡಿದದ್ದು ಇದನ್ನೇ.

ಕುತ್ತಿಗೆ ಬಗ್ಗಿಸಲಾಗದಿರುವುದು, ಬೆಳಕು ಕಂಡರೆ ಅಳುವುದು, ಕೂಸಿನ ನೆತ್ತಿಯ ಮೆದು ಜಾಗ ಅಳದೆ ಇರುವಾಗಲೂ ಉಬ್ಬಿರುವುದು, ಎತ್ತಿಕೊಂಡರೆ ಸಮಾಧಾನವಾಗುವ ಬದಲು ಇನ್ನೂ ಕಿರುಚುವುದು, ಇವು ಮೆದುಳಿಗೆ ಸಂಬಂಧಿಸಿದವು. ಮಗು ಆರೆಂಟು ಗಂಟೆ ಮೂತ್ರವನ್ನೇ ಮಾಡದಿರುವುದು, ಜ್ವರ ಐದು ದಿನ ದಾಟುವುದು, ಒಂದು ಕಾಲು ಅಥವಾ ಕೈಯನ್ನು ಮುಟ್ಟಗೊಡದಿರುವುದು, ಇವನ್ನೂ ನೆನಪಿಡಿ.

ಫಿಟ್ಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅಷ್ಟು ಹೆದರಿಸುವ ದೃಶ್ಯ ಇನ್ನೊಂದಿಲ್ಲ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರ ಏರುವಾಗ ಒಮ್ಮೆ ಫಿಟ್ಸ್ ಬರುವುದಿದೆ. ಹಿಂದಿನವರು ಬಾಲಗ್ರಹ ಎನ್ನುತ್ತಿದ್ದರು. ಹೆಚ್ಚಿನವು ಐದು ನಿಮಿಷದೊಳಗೆ ತಾವಾಗಿ ನಿಲ್ಲುತ್ತವೆ, ಮೆದುಳಿಗೆ ಪೆಟ್ಟಾಗುವುದಿಲ್ಲ. ನೀವು ಮಾಡಬೇಕಾದ್ದು: ಮಗುವನ್ನು ನೆಲದ ಮೇಲೆ ಒಂದು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಕೈಗೆ ಕೀಲಿಕೈ ಬೇಡ, ಮೂಗಿಗೆ ಈರುಳ್ಳಿ ಬೇಡ, ಬಾಯಿಗೆ ಚಮಚ ಬೇಡ, ನೀರು ಬೇಡ. ಬರೆ ಹಾಕುವವರು ಈಗ ಇಲ್ಲವೆಂದುಕೊಳ್ಳುತ್ತೇನೆ, ಆದರೂ ಹೇಳಿಬಿಟ್ಟೆ. ಫಿಟ್ಸ್ ನಿಂತರೂ ಆ ದಿನವೇ ಡಾಕ್ಟರಿಗೆ ತೋರಿಸಿ, ಯಾಕೆಂದರೆ ಅದು ಬರಿಯ ಜ್ವರದ ಫಿಟ್ಸೋ, ಮೆದುಳಿನ ಸೋಂಕಿನದೋ ಎಂದು ಮನೆಯಲ್ಲಿ ಹೇಳಲಾಗದು. ಐದು ನಿಮಿಷ ದಾಟಿದರೆ ಕೂಡಲೇ 108.

ಮತ್ತೆ ಡೆಂಗ್ಯೂವಿಗೆ ಬರುತ್ತೇನೆ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದನ್ನು ನೀವು ಪತ್ರಿಕೆಯಲ್ಲಿ ಓದಿದ್ದೀರಿ. ಈ ಜ್ವರದ ಮೋಸ ಇರುವುದು ಒಂದೇ ಕಡೆ. ಬೇರೆ ಜ್ವರಗಳಲ್ಲಿ ಮೈ ಬಿಸಿ ಇರುವಾಗ ಅಪಾಯ, ಇದರಲ್ಲಿ ಮೈ ತಣ್ಣಗಾದ ಮೇಲೆ ಅಪಾಯ. ಮೂರನೆಯ ದಿನದಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುತ್ತದೆ, ಅದೇ ಹೊತ್ತಿಗೆ ಕೆಲವು ಮಕ್ಕಳಲ್ಲಿ ರಕ್ತನಾಳಗಳಿಂದ ರಕ್ತದ ನೀರಿನಂಶ ಹೊರಗೆ ಸೋರತೊಡಗುತ್ತದೆ. ರಕ್ತ ಗಟ್ಟಿಯಾಗುತ್ತದೆ, ಒತ್ತಡ ಬೀಳುತ್ತದೆ. ಆ ಒಂದೆರಡು ದಿನ ದಾಟಿಸಿದರೆ ಮಗು ಗೆದ್ದಂತೆ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲೋ ಮೂಗಿನಲ್ಲೋ ರಕ್ತ, ಕಪ್ಪು ಮಲ, ಚಡಪಡಿಕೆ ಅಥವಾ ಮಂಕು, ತಣ್ಣಗಿನ ಕೈಕಾಲು, ಕಡಿಮೆ ಮೂತ್ರ: ಜ್ವರ ಬಿಟ್ಟ ಮೇಲಿನ ಎರಡು ದಿನ ಇವುಗಳಿಗಾಗಿ ಕಾದಿರಿ. ನನ್ನ ಬಳಿ ಬರುವವರೆಲ್ಲ ಮೊದಲು ಕೇಳುವುದು, "ಪ್ಲೇಟ್‌ಲೆಟ್ ಎಷ್ಟಿದೆ?" ಎಂದು. ಮಗು ಮೂತ್ರ ಮಾಡಿತೇ ಎಂದು ಕೇಳುವವರು ಅಪರೂಪ. ಹೆಚ್ಚಿನ ಮಕ್ಕಳಿಗೆ ಕಂಟಕವಾಗುವುದು ಪ್ಲೇಟ್‌ಲೆಟ್ ಸಂಖ್ಯೆಯಲ್ಲ, ಈ ಸೋರಿಕೆ. ಪಪ್ಪಾಯಿ ಎಲೆಯ ರಸದ ಬಗ್ಗೆಯೂ ಕೇಳುತ್ತೀರಿ. ವಾಂತಿ ಮಾಡುತ್ತಿರುವ ಮಗುವಿಗೆ ಆ ಕಹಿಯನ್ನು ಒತ್ತಾಯದಿಂದ ಕುಡಿಸಿ ಇನ್ನಷ್ಟು ವಾಂತಿ ಮಾಡಿಸಬೇಡಿ ಎಂದಷ್ಟೇ ನನ್ನ ಉತ್ತರ. ಗಂಜಿತಿಳಿ, ಎಳನೀರು, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ.

ಡೆಂಗ್ಯೂ ಸೊಳ್ಳೆ ಹಗಲಿನಲ್ಲಿ ಕಚ್ಚುವುದು, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆಯ ಮುಂಚೆ. ನಿಮ್ಮೂರಿನಲ್ಲಿ ಬೆಳಗಾಗುವ ಹೊತ್ತಿಗೆ ಮನೆಮಂದಿಯೆಲ್ಲ ಮಲ್ಲಿಗೆ ಗಿಡದ ಬುಡದಲ್ಲಿರುತ್ತಾರೆ. ಮೊಗ್ಗು ಕೊಯ್ದು, ಚೆಂಡು ಕಟ್ಟಿ, ಅಟ್ಟೆ ಲೆಕ್ಕ ಮಾಡಿ ಸಮಯಕ್ಕೆ ಸರಿಯಾಗಿ ಕಳುಹಿಸಬೇಕು, ಇಲ್ಲವಾದರೆ ಅಂದಿನ ದರ ಸಿಗದು. ಶಂಕರಪುರದ ಮಲ್ಲಿಗೆ ಎಷ್ಟೋ ಹೆಣ್ಣುಮಕ್ಕಳ ಕೈಗೆ ಕಾಸು ಕೊಟ್ಟಿದೆ, ಎಷ್ಟೋ ಮಕ್ಕಳ ಶಾಲೆಯ ಫೀಸು ಕಟ್ಟಿದೆ. ನಾನು ಗಿಡ ಬೇಡ ಎನ್ನುವುದಿಲ್ಲ. ಆದರೆ ಕುಂಡದಡಿಯ ತಟ್ಟೆ, ಗೊಬ್ಬರ ಕಲಸಿದ ಬಕೆಟ್, ಬಿದ್ದ ಅಡಕೆ ಹಾಳೆ, ತೆಂಗಿನ ಗೆರಟೆ, ಕಾರ್ಕಳದ ಕಡೆಯಾದರೆ ರಬ್ಬರ್ ಹಾಲಿನ ಗೆರಟೆ, ಇವುಗಳಲ್ಲಿ ನಿಂತ ಚಮಚದಷ್ಟು ನೀರು ಅದಕ್ಕೆ ಸಾಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ. ಹಾಗಾಗಿ ವಾರಕ್ಕೊಮ್ಮೆ ಎಲ್ಲವನ್ನೂ ಕವುಚಿ ಹಾಕಿ. ತೊಟ್ಟಿಯ ಬದಿಯನ್ನು ತಿಕ್ಕಿ ತೊಳೆಯಬೇಕು; ನೀರು ಚೆಲ್ಲಿದರಷ್ಟೇ ಸಾಲದು, ಬದಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತದೆ.

ನಮ್ಮ ಕಡೆಯ ಇನ್ನೆರಡು ಜ್ವರಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಒಂದು ಇಲಿಜ್ವರ. ಗದ್ದೆ, ತೋಡು, ಚರಂಡಿ ನೀರಿನಲ್ಲಿ ಬರಿಗಾಲಲ್ಲಿ ಆಡಿದ ದೊಡ್ಡ ಮಕ್ಕಳಿಗೆ ಬರುವಂಥದ್ದು. ಕಣ್ಣು ಕೆಂಪಾಗುತ್ತದೆ, ಮೀನಖಂಡ ಮುಟ್ಟಿದರೆ ನೋವು, ಆಮೇಲೆ ಕಾಮಾಲೆ. ಇನ್ನೊಂದು ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚುವುದರಿಂದ ಬರುತ್ತದೆ. ಕಚ್ಚಿದಲ್ಲಿ ಬೀಡಿಯಿಂದ ಸುಟ್ಟಂತೆ ಕಪ್ಪು ಹಕ್ಕಳೆಯೊಂದು ಇರುತ್ತದೆ. ಅದೂ ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಹೀಗೆ ಯಾರೂ ನೋಡದ ಜಾಗದಲ್ಲಿ. ನೋವೂ ಇಲ್ಲ, ತುರಿಕೆಯೂ ಇಲ್ಲ. ಡಾಕ್ಟರು ಅಂಗಿ ಬಿಚ್ಚಿಸಿ ನೋಡದಿದ್ದರೆ ತಪ್ಪಿಹೋಗುತ್ತದೆ. ಮೈ ಒರೆಸುವಾಗ ನೀವು ನೋಡಿ, ಕಂಡರೆ ಡಾಕ್ಟರಿಗೆ ತೋರಿಸಿ. ಸರಿಯಾದ ಔಷಧಿ ಬಿದ್ದರೆ ಎರಡು ಮೂರು ದಿನದಲ್ಲಿ ಜ್ವರ ಇಳಿಯುತ್ತದೆ, ತಪ್ಪಿದರೆ ಶ್ವಾಸಕೋಶಕ್ಕೂ ಮೆದುಳಿಗೂ ಹೋಗುತ್ತದೆ.

ಔಷಧಿಯ ವಿಷಯದಲ್ಲಿ ಅವಸರ ಬೇಡ. ಪ್ಯಾರಾಸಿಟಮಾಲ್ ಒಳ್ಳೆಯ ಔಷಧಿ, ಆದರೆ ಅದು ತೂಕದ ಲೆಕ್ಕದ್ದು: ಒಂದು ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಬಾರಿಗಿಂತ ಹೆಚ್ಚು ಬೇಡ. ಇಲ್ಲಿ ಒಂದು ಹೊಂಡ ಇದೆ. ಹಸುಗೂಸಿನ ಡ್ರಾಪ್ಸಿನಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 120, 125 ಅಥವಾ 250. ಹೆಸರು ಚಿಕ್ಕ ಮಗುವಿನದು, ಶಕ್ತಿ ಹೆಚ್ಚು. ಅಣ್ಣನ ಸಿರಪ್ಪಿನ ಅಳತೆಯಲ್ಲಿ ತಂಗಿಗೆ ಡ್ರಾಪ್ಸ್ ಹಾಕಿ ಯಕೃತ್ತಿಗೆ ತೊಂದರೆ ತಂದುಕೊಂಡವರನ್ನು ನೋಡಿದ್ದೇನೆ. ಬಾಟಲಿಯ ಮೇಲಿನದನ್ನು ಓದಿ. ಓದು ಬಾರದ ಅಜ್ಜಿಗೆ ವಿದ್ಯಾರ್ಥಿಗಳು ಓದಿ ಹೇಳಿ. ಆಸ್ಪಿರಿನ್ ಮಕ್ಕಳ ಜ್ವರಕ್ಕೆ ಬೇಡವೇ ಬೇಡ. ಮಳೆಗಾಲದಲ್ಲಿ ಡೆಂಗ್ಯೂ ಅಲ್ಲ ಎಂದು ಖಚಿತವಾಗುವವರೆಗೆ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಕೂಡ ಬೇಡ, ರಕ್ತಸ್ರಾವ ಹೆಚ್ಚಿಸುತ್ತವೆ. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ. ಮತ್ತೆ ಕೆಮ್ಮಿನ ಸಿರಪ್. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತದ್ದನ್ನು ಮರೆಯಬೇಡಿ. ಸಾಮಾನ್ಯ ಶೀತಕೆಮ್ಮಿಗೆ ಪುಟ್ಟ ಮಕ್ಕಳಿಗೆ ಅದರ ಅಗತ್ಯವೇ ಇರಲಿಲ್ಲ. ಕಳೆದ ಬಾರಿ ಉಳಿದ ಅರ್ಧ ಬಾಟಲಿ ಆಂಟಿಬಯೋಟಿಕ್ಕನ್ನು ಚರಂಡಿಗೂ ಸುರಿಯಬೇಡಿ, ಮಗುವಿನ ಬಾಯಿಗೂ ಸುರಿಯಬೇಡಿ, ಔಷಧಿ ಅಂಗಡಿಯವರನ್ನು ಕೇಳಿ. ಜ್ವರದ ಮಗುವಿಗೆ ಸ್ವೆಟರ್, ಕಂಬಳಿ ಹೊದೆಸುವುದೂ ಬೇಡ, ಐಸ್ ನೀರಿನ ಬಟ್ಟೆಯೂ ಬೇಡ. ತೆಳುವಾದ ಹತ್ತಿಯ ಅಂಗಿ ಸಾಕು.

ದುವಾ ಮಾಡಿಸಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ನನ್ನ ತಾಯಿಯೂ ಮಾಡಿಸುತ್ತಿದ್ದರು. ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ ಕುಳಿತೂ ದುವಾ ಮಾಡಬಹುದು ಎಂದಷ್ಟೇ ಹೇಳುತ್ತೇನೆ. ರಮಝಾನಿನಲ್ಲಿ ಹಠ ಹಿಡಿದು ಉಪವಾಸ ಕೂರುವ ಮಕ್ಕಳಿಗೆ ಜ್ವರ ಬಂದರೆ, ಕಾಯಿಲೆಯವರಿಗೆ ವಿನಾಯಿತಿ ಇದೆ ಎಂಬುದನ್ನು ಅವರಿಗೆ ತಿಳಿಸಿ ಹೇಳುವವರು ನನಗಿಂತ ಬಲ್ಲವರು ಇಲ್ಲಿ ಕುಳಿತಿದ್ದಾರೆ.

ಲಸಿಕೆಯ ಬಗ್ಗೆ ಎರಡು ಮಾತು. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ನಮ್ಮ ರಾಜ್ಯದಲ್ಲಿ ನಡೆದಾಗ ವಾಟ್ಸ್‌ಆ್ಯಪಿನಲ್ಲಿ ಏನೆಲ್ಲ ಸುಳ್ಳು ಹರಿದಾಡಿತು ಎಂಬುದು ನಿಮಗೆ ನೆನಪಿರಬಹುದು. ಹೆದರಿ ಮಕ್ಕಳನ್ನು ಆ ದಿನ ಶಾಲೆಗೆ ಕಳುಹಿಸದ ಮನೆಗಳೂ ಇದ್ದವು. ನಾನು ಮೆದುಳಿನ ಪೊರೆಯ ಸೋಂಕಿನ ಬಗ್ಗೆ ಇಷ್ಟು ಹೊತ್ತು ಮಾತನಾಡಿದೆನಲ್ಲ, ಅದಕ್ಕೆ ಕಾರಣವಾಗುವ ಎರಡು ಮುಖ್ಯ ರೋಗಾಣುಗಳಿಗೆ ಇವತ್ತು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ ಲಸಿಕೆ ಇದೆ. ಪೆಂಟಾವೇಲೆಂಟ್ ಆರು, ಹತ್ತು, ಹದಿನಾಲ್ಕು ವಾರಕ್ಕೆ. ನ್ಯುಮೋಕಾಕಲ್ ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಿಗೆ. ಮಿದುಳು ಜ್ವರದ ಲಸಿಕೆಯನ್ನು 2022ರ ಡಿಸೆಂಬರ್‌ನಲ್ಲಿ ಉಡುಪಿ ಸೇರಿದಂತೆ ಹತ್ತು ಜಿಲ್ಲೆಗಳಲ್ಲಿ ಒಂದರಿಂದ ಹದಿನೈದು ವರ್ಷದ ಮಕ್ಕಳಿಗೆ ಹಾಕಿದರು. ನಿಮ್ಮ ಮನೆಯ ತಾಯಿ ಕಾರ್ಡ್ ತೆಗೆದು ನೋಡಿ, ಖಾಲಿ ಬಿಟ್ಟ ಜಾಗ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹೆರಿಗೆಯಾದ ಮನೆಗೆ ಅವರು 42 ದಿನದೊಳಗೆ ಆರು ಬಾರಿ ಬರಬೇಕು. ಬಂದಾಗ ಬಾಗಿಲಲ್ಲೇ ಮಾತನಾಡಿಸಿ ಕಳುಹಿಸಬೇಡಿ.

ನಾವು ದೊಡ್ಡ ಆಸ್ಪತ್ರೆಗಳ ನೆರಳಿನಲ್ಲಿ ಬದುಕುತ್ತಿದ್ದೇವೆ. ಮಣಿಪಾಲದ ವೈದ್ಯಕೀಯ ಕಾಲೇಜು 1953ರಲ್ಲಿ ಶುರುವಾದದ್ದು. 2018ರ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡಿನಿಂದ ಬಂದ ಮಾದರಿಯಲ್ಲಿ ನಿಪಾ ವೈರಸ್ಸನ್ನು ಬೇಗ ಪತ್ತೆ ಹಚ್ಚಿದ್ದು ಮಣಿಪಾಲದ ಪ್ರಯೋಗಾಲಯ. ಉಡುಪಿಯ ಸರಕಾರಿ ತಾಯಿ ಮತ್ತು ಮಕ್ಕಳ ಆಸ್ಪತ್ರೆಯ ಹೆಸರಿನಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹೆಸರಿದೆ. 1906ರಲ್ಲಿ ಉಡುಪಿಯಲ್ಲಿ ಬ್ಯಾಂಕ್ ಕಟ್ಟಿದವರು ಅವರು, ಆಸ್ಪತ್ರೆಗೆಂದು ಜಾಗ ಕೊಟ್ಟವರೂ ಅವರೇ. ಅವರ ಕಾರ್ಪೊರೇಶನ್ ಬ್ಯಾಂಕ್ 2020ರಲ್ಲಿ ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಯಿತು. ಆಸ್ಪತ್ರೆ ಇದೆ, ಹೆರಿಗೆಗಳು ಆಗುತ್ತಿವೆ. ಇಷ್ಟೆಲ್ಲ ಇದ್ದೂ ಆ ಕೂಸಿನ ಹತ್ತು ಗಂಟೆಗಳು ಕಳೆದುಹೋದದ್ದು ಮನೆಯ ಚಾವಡಿಯಲ್ಲಿ. ಕಟಪಾಡಿಗೆ ಇಳಿದು ಹೆದ್ದಾರಿ ಹಿಡಿದರೆ ಉಡುಪಿ ಎಷ್ಟು ದೂರ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಸಂಘದವರು ಇವತ್ತು ಇಪ್ಪತ್ತು ಡಿಜಿಟಲ್ ಥರ್ಮಾಮೀಟರ್ ತರಿಸಿಟ್ಟಿದ್ದಾರೆ. ಸಭೆ ಮುಗಿದ ಮೇಲೆ ಹೊರಗಿನ ಮೇಜಿನ ಬಳಿ ನಾನು ಇರುತ್ತೇನೆ. ಕಂಕುಳಲ್ಲಿ ಹೇಗೆ ಇಡುವುದು, ಬೀಪ್ ಬರುವವರೆಗೆ ಎಷ್ಟು ಹೊತ್ತು ಹಿಡಿಯುವುದು ಎಂದು ತೋರಿಸುತ್ತೇನೆ. ಚಿಕ್ಕ ಮಗುವನ್ನು ಎತ್ತಿಕೊಂಡು ಬಂದ ತಾಯಂದಿರಲ್ಲಿ ಯಾರಾದರೂ ಒಪ್ಪಿದರೆ ಉಸಿರು ಎಣಿಸುವುದನ್ನೂ ಅಲ್ಲೇ ಮಾಡಿ ನೋಡೋಣ. ಸೆಕೆಂಡ್ ಮುಳ್ಳಿರುವ ವಾಚ್ ಕಟ್ಟಿಕೊಂಡ ವಿದ್ಯಾರ್ಥಿಗಳು ಮೊದಲು ಬನ್ನಿ, ಊಟ ಆಮೇಲೆ.